ನಾಲ್ಕು ದುಡಿ, ಎರಡು ಜೋಡಿ: ಕೊಡಗಿನ ಹಾಡಿನ ಸಂಜೆಯನ್ನು ಕೇಳೋದು ಹೇಗೆ?

ಕೊಡಗಿನಲ್ಲಿ ಓದೋಕೆ ಬಂದ ಮೇಲೆ ಒಂದು ಸಂಗೀತ ಎಲ್ಲರಿಗೂ ಪರಿಚಯ ಆಗಿಯೇ ಆಗುತ್ತೆ. ಅದು ವಾಲಗ. ಕ್ಲಾಸ್‌ಮೇಟ್ ಅಕ್ಕನ ಮದುವೆಗೆ ಹೋದರೆ ವಾಲಗ, ಕಾಲೇಜ್ ಡೇ ಮುಗಿಯೋ ಹೊತ್ತಿಗೆ ಸ್ಪೀಕರಿನಲ್ಲಿ ವಾಲಗ, ರೀಲ್ಸ್ ತೆರೆದರೆ ಅಲ್ಲೂ ವಾಲಗ. ದಾವಣಗೆರೆಯವರಾಗಲಿ, ಕಲಬುರಗಿಯವರಾಗಲಿ, ಎರಡನೇ ಸೆಮಿಸ್ಟರ್ ಮುಗಿಯೋದರೊಳಗೆ ಅದಕ್ಕೆ ಹೆಜ್ಜೆ ಹಾಕೋದು ಕಲಿತಿರ್ತಾರೆ.

ಆದರೆ ಅದೇ ಮದುವೆಯಲ್ಲಿ ಇನ್ನೊಂದು ಸಂಗೀತವೂ ಇರುತ್ತೆ. ನಾಲ್ಕು ಜನ ಗಂಡಸರು, ಕೈಯಲ್ಲಿ ಡಮರುವಿನ ಆಕಾರದ ಸಣ್ಣ ವಾದ್ಯ, ಒಂದೇ ಧಾಟಿಯಲ್ಲಿ ಸಾಗುವ ಉದ್ದನೆಯ ಹಾಡು. ನಮ್ಮಲ್ಲಿ ತುಂಬಾ ಜನ ಆ ಹೊತ್ತಿಗೆ ಊಟದ ಕಡೆ ಹೊರಟಿರ್ತೀವಿ. ಭಾಷೆ ಅರ್ಥ ಆಗಲ್ಲ, ರಾಗ ಬದಲಾಗಲ್ಲ, ಯಾವಾಗ ಮುಗಿಯುತ್ತೆ ಅಂತಾನೂ ಗೊತ್ತಾಗಲ್ಲ. ಅದಕ್ಕೆ 'ದುಡಿ ಕೊಟ್ಟ್ ಪಾಟ್' ಅಂತ ಹೆಸರು. ಈ ಲೇಖನ ಅದರ ಬಗ್ಗೆ. ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದು ಒಮ್ಮೆ ಗೊತ್ತಾದರೆ, ಊಟವನ್ನು ಹತ್ತು ನಿಮಿಷ ಮುಂದಕ್ಕೆ ಹಾಕೋಕೆ ನಿಮಗೇ ಮನಸ್ಸಾಗಬಹುದು. ಜೊತೆಗೆ, ಈ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟರೆ ಮಾತ್ರ ಯಾಕೆ ಉಳಿಯಲ್ಲ ಅನ್ನೋದನ್ನೂ ಹೇಳ್ತೀನಿ.

ಮೊದಲು ಹೆಸರು

ಕನ್ನಡ ಸಂಘದ ಪತ್ರಿಕೆ ಅಂದಮೇಲೆ ಪದದಿಂದಲೇ ಶುರು ಮಾಡೋಣ. 'ದುಡಿ' ವಾದ್ಯದ ಹೆಸರು. 'ಕೊಟ್ಟ್' ಅಂದರೆ ಬಡಿಯುವುದು, ನಮ್ಮ 'ಕುಟ್ಟು' ಪದದ ನೆಂಟ. 'ಪಾಟ್' ಅಂದರೆ ಹಾಡು. ಹಳಗನ್ನಡದಲ್ಲಿ ನಾವೂ 'ಪಾಡು' ಅಂತಲೇ ಹೇಳ್ತಿದ್ವಿ. ಆಮೇಲೆ ಕನ್ನಡದಲ್ಲಿ ಪದದ ಮೊದಲಿನ 'ಪ' ಹೋಗಿ 'ಹ' ಬಂತು: ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು. ಕೊಡವ ಭಾಷೆಯಲ್ಲಿ 'ಪ' ಹಾಗೇ ಉಳಿದುಕೊಂಡಿದೆ. ಅದಕ್ಕೇ ಅವರು 'ಪುತ್ತರಿ' ಅನ್ನೋ ಹೊಸ ಅಕ್ಕಿಯ ಹಬ್ಬವನ್ನು ನಾವು ಕನ್ನಡದಲ್ಲಿ 'ಹುತ್ತರಿ' ಅಂತ ಬರೆಯೋದು.

ಇನ್ನೊಂದು ಉದಾಹರಣೆ. ಮದುವೆ ದಿಬ್ಬಣ ದಾರಿಯಲ್ಲಿ ಹೋಗುವಾಗ ಹಾಡುವ ಹಾಡಿಗೆ 'ಬಟ್ಟೆ ಪಾಟ್' ಅಂತಾರೆ. ಬಟ್ಟೆ ಅಂದ್ರೆ ಇಲ್ಲಿ ಸೀರೆ, ಪಂಚೆ ಅಲ್ಲ, ದಾರಿ. ಹಳಗನ್ನಡದಲ್ಲೂ 'ಬಟ್ಟೆ' ಅಂದರೆ ದಾರಿಯೇ. ಅಂದರೆ ಪಠ್ಯಪುಸ್ತಕದ ಕೊನೆಯ ಪದಕೋಶದಲ್ಲಿ ನಾವು ಬಾಯಿಪಾಠ ಮಾಡಿದ ಪದವನ್ನು ಇಲ್ಲಿ ಜನ ಇವತ್ತಿಗೂ ಬಳಸ್ತಿದ್ದಾರೆ.

ಒಂದು ಗೊಂದಲವನ್ನೂ ಈಗಲೇ ಬಿಡಿಸಿಬಿಡ್ತೀನಿ. ಹುತ್ತರಿ ಹಾಡು ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಪಂಜೆ ಮಂಗೇಶರಾಯರ 'ಹುತ್ತರಿ ಹಾಡು'. ಅದು ಕೊಡಗಿನ ಮೇಲೆ ಕನ್ನಡದಲ್ಲಿ ಬರೆದ ಕವಿತೆ. ಹುತ್ತರಿಯಲ್ಲಿ ದುಡಿ ಹಿಡಿದು ಹಾಡುವ ಹಾಡುಗಳು ಬೇರೆ. ಅವು ಕೊಡವ ಭಾಷೆಯವು, ಬಾಯಿಂದ ಬಾಯಿಗೆ ಬಂದವು.

ಯಾವಾಗ, ಎಲ್ಲಿ?

ಕೊಡಗಿನ ಹಾಡಿನ ಕ್ಯಾಲೆಂಡರ್ ಭತ್ತದ ಗದ್ದೆ ಜೊತೆ ಕಟ್ಟಿಕೊಂಡಿದೆ. ಮಳೆಗಾಲದಲ್ಲಿ ನಾಟಿ ಕೆಲಸ, ಆಗ ಯಾರಿಗೂ ಬಿಡುವಿಲ್ಲ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್, ಅಂದರೆ ಆಯುಧ ಪೂಜೆಯ ಹಬ್ಬ. ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ, ಭತ್ತ ಕೊಯ್ಲಿಗೆ ಬಂದಾಗ, ಹುತ್ತರಿ. ಅದರ ದಿನ, ಮುಹೂರ್ತ ನಿಗದಿ ಆಗೋದು ಕಕ್ಕಬ್ಬೆ ಹತ್ತಿರದ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ. ರಾತ್ರಿ ಮನೆಯವರೆಲ್ಲ ಗದ್ದೆಗೆ ಹೋಗಿ, ಗುಂಡು ಹಾರಿಸಿ, ಮೊದಲ ಕದಿರು ಕೊಯ್ದು ಮನೆಗೆ ತರ್ತಾರೆ.

ಅಲ್ಲಿಂದ ಮುಂದೆ ಕೆಲವು ದಿನ ಊರಿನ 'ಮಂದ್'ಗಳಲ್ಲಿ ಸೇರ್ತಾರೆ. ಮಂದ್ ಅಂದರೆ ಊರಿಗೆ ಸೇರಿದ ಹಸಿರು ಬಯಲು. ಅಲ್ಲಿ ಗಂಡಸರು ಕೋಲಾಟ ಆಡ್ತಾರೆ. ಬೆತ್ತ, ಗುರಾಣಿ ಹಿಡಿದು ಮೊಣಕಾಲಿನ ಕೆಳಗೆ ಮಾತ್ರ ಹೊಡೆಯೋ 'ಪರಿಯಕಳಿ' ಆಟವೂ ಇರುತ್ತೆ. ಇದೇ ಹಬ್ಬದ ದಿನಗಳಲ್ಲಿ ದುಡಿ ಹಿಡಿದ ಹಾಡುಗಾರರ ಗುಂಪು ಮನೆಯಿಂದ ಮನೆಗೆ ಹೋಗಿ ಆ ಮನೆಯನ್ನು ಹರಸಿ ಹಾಡೋ ಪದ್ಧತಿಯೂ ಇದೆ. ಅದು 'ಮನೆ ಪಾಟ್'.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಅಭ್ಯಾಸ ಏನು? ವೇದಿಕೆ ಒಂದು ಕಡೆ, ಪ್ರೇಕ್ಷಕರು ಇನ್ನೊಂದು ಕಡೆ, ಟಿಕೆಟ್ ತಗೊಂಡು ಜನ ಹೋಗಬೇಕು. ಇಲ್ಲಿ ಹಾಡೇ ಮನೆಗೆ ಬರುತ್ತೆ. ಕೇಳೋರು ಬೇರೆ ಯಾರೂ ಅಲ್ಲ, ಹಾಡಿನಲ್ಲಿ ಹರಸಿಕೊಳ್ತಾ ಇರೋ ಮನೆಯವರೇ.

ಎಲ್ಲ ಪಾಟೂ ಹಬ್ಬದ್ದಲ್ಲ. ದೇವರ ಕಥೆ ಹೇಳುವ 'ದೇವ ಪಾಟ್', ಮದುವೆಯಂಥ ಶುಭಕಾರ್ಯಕ್ಕೆ 'ಮಂಗಲ ಪಾಟ್', ಸಾವಿನ ಮನೆಯಲ್ಲಿ ಸತ್ತವರನ್ನು ನೆನೆದು ಹಾಡುವ 'ಚಾವು ಪಾಟ್' ಎಲ್ಲವೂ ಇವೆ. ಒಬ್ಬರ ಬದುಕಿನ ಸುಖ, ದುಃಖ ಎರಡಕ್ಕೂ ಇದೇ ಪುಟ್ಟ ವಾದ್ಯ, ಇದೇ ನಾಲ್ಕು ದನಿ.

ನಾಲ್ಕು ಜನ ಯಾಕೆ?

ಈಗ ಮುಖ್ಯ ಪಾಠ. ದುಡಿ ಕೊಟ್ಟ್ ಪಾಟಿನಲ್ಲಿ ನಾಲ್ಕು ಹಾಡುಗಾರರು ಎರಡು ಜೋಡಿಯಾಗಿ ಹಾಡ್ತಾರೆ. ಮೊದಲ ಜೋಡಿ ಸಾಲನ್ನು ಹಾಡುತ್ತೆ. ಎರಡನೇ ಜೋಡಿ ಅದನ್ನೇ ತಿರುಗಿ ಹಾಡುತ್ತೆ. ಆಮೇಲೆ ಮೊದಲ ಜೋಡಿ ಮುಂದಿನ ಸಾಲಿಗೆ ಹೋಗುತ್ತೆ. ಹೀಗೇ ಗಂಟೆಗಟ್ಟಲೆ ಸಾಗಬಹುದು.

ಹೊಸದಾಗಿ ಕೇಳೋರಿಗೆ ಇದು ಸುಮ್ಮನೆ ಪುನರಾವರ್ತನೆ ಅನ್ನಿಸುತ್ತೆ. ಆದರೆ ಒಂದು ಸಿಸ್ಟಮ್ ಅಂತ ನೋಡಿದರೆ ಈ ಪುನರಾವರ್ತನೆ ಮೂರು ಕೆಲಸ ಮಾಡ್ತಿದೆ.

ಒಂದು, ಸಮಯ. ಎರಡನೇ ಜೋಡಿ ಹಾಡುವಷ್ಟು ಹೊತ್ತು ಮೊದಲ ಜೋಡಿಗೆ ಉಸಿರು ತಗೊಳ್ಳೋಕೆ, ಮುಂದಿನ ಸಾಲು ನೆನಪಿಸಿಕೊಳ್ಳೋಕೆ ಬಿಡುವು ಸಿಗುತ್ತೆ. ಕೈಯಲ್ಲಿ ಪುಸ್ತಕ ಇಲ್ಲದೆ ಅಷ್ಟುದ್ದ ಹಾಡಬೇಕಾದ್ರೆ ಈ ಬಿಡುವು ಬೇಕೇ ಬೇಕು.

ಎರಡು, ಕೇಳುಗರಿಗೆ ಸ್ಪಷ್ಟತೆ. ಮದುವೆ ಮನೆಯ ಗದ್ದಲದಲ್ಲಿ ಒಂದು ಸಾಲು ತಪ್ಪಿದರೂ ಎರಡನೇ ಸಲ ಕಿವಿಗೆ ಬೀಳುತ್ತೆ. ನೆಟ್‌ವರ್ಕ್ಸ್ ಕ್ಲಾಸಿನಲ್ಲಿ ಓದ್ತೀವಲ್ಲ, ಗದ್ದಲ ಇರೋ ಚಾನೆಲ್‌ನಲ್ಲಿ ಅದೇ ಸಂದೇಶವನ್ನು ಎರಡು ಸಲ ಕಳಿಸೋದು, ಅದೇ ಉಪಾಯ.

ಮೂರು, ಕಲಿಕೆ. ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಇದು. ಹೊಸಬನೊಬ್ಬ ಎರಡನೇ ಜೋಡಿಯಲ್ಲಿ ಸೇರಿಕೊಂಡ ಅಂತಿಟ್ಟುಕೊಳ್ಳಿ. ಅವನಿಗೆ ಇಡೀ ಹಾಡು ಗೊತ್ತಿರಬೇಕಾಗಿಲ್ಲ. ಈಗಷ್ಟೇ ಕೇಳಿದ ಒಂದು ಸಾಲನ್ನು ತಿರುಗಿ ಹೇಳಿದರೆ ಸಾಕು. ಪಕ್ಕದಲ್ಲಿ ಬಲ್ಲವನೊಬ್ಬ ಇದ್ದರೆ ತಪ್ಪಿದ ಪದವನ್ನು ಅವನ ದನಿಯೇ ತಿದ್ದುತ್ತೆ. ಹೀಗೆ ಪ್ರತಿ ಸಾಲಿಗೂ ಒಂದು ಪಾಠ, ಒಂದು ಟೆಸ್ಟ್. ಪ್ರತಿ ಹಬ್ಬಕ್ಕೂ ಇದೇ ನಡೆದರೆ, ಕೆಲವು ವರ್ಷಗಳಲ್ಲಿ ಅವನು ಮೊದಲ ಜೋಡಿಗೆ ಬರಬಹುದು. ಪ್ರತ್ಯೇಕ ಶಾಲೆ, ಸಿಲಬಸ್, ಇಂಟರ್ನಲ್ಸ್ ಯಾವುದೂ ಬೇಡ. ಹಾಡುವ ಕ್ರಮದಲ್ಲೇ ಕಲಿಸುವ ಕ್ರಮ ಸೇರಿಕೊಂಡಿದೆ.

ಇದು ಕೊಡಗಿನಲ್ಲಿ ಮಾತ್ರ ಇರೋದಲ್ಲ. ಹಳೇ ಮೈಸೂರಿನ ಕಡೆಯವರು ಮನೆಯಲ್ಲಿ ಸೋಬಾನೆ ಕೇಳಿರ್ತೀರಿ. ಒಬ್ಬರು ಎತ್ತಿಕೊಡ್ತಾರೆ, ಉಳಿದ ಹೆಂಗಸರು ಸೊಲ್ಲು ಹಿಡೀತಾರೆ. ಉತ್ತರ ಕರ್ನಾಟಕದ ಗೀಗೀ ಪದದಲ್ಲೂ ಮುಖ್ಯ ಹಾಡುಗಾರರ ಹಿಂದೆ ದನಿ ಸೇರಿಸೋರು ಇರ್ತಾರೆ. ನಿಮ್ಮೂರಿನ ಹಾಡಿನಲ್ಲೂ ಆ 'ಎರಡನೇ ಜೋಡಿ' ಯಾರು ಅಂತ ಒಮ್ಮೆ ಹುಡುಕಿ ನೋಡಿ.

ಇಷ್ಟುದ್ದ ನೆನಪಿರೋದು ಹೇಗೆ ಅನ್ನೋ ಪ್ರಶ್ನೆಗೂ ಒಂದು ಉತ್ತರ ಇದೆ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಅನ್ನೋ ಅಮೆರಿಕದ ವಿದ್ವಾಂಸರು ಯುಗೊಸ್ಲಾವಿಯಾದ ಹಳ್ಳಿಗಳಿಗೆ ಹೋಗಿ ವೀರಗಾಥೆ ಹಾಡುವವರನ್ನು ರೆಕಾರ್ಡ್ ಮಾಡಿದರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ 'ದಿ ಸಿಂಗರ್ ಆಫ್ ಟೇಲ್ಸ್' ಅನ್ನೋ ಪುಸ್ತಕದಲ್ಲಿ ಅದನ್ನು ವಿವರಿಸಿದರು. ಸಾರಾಂಶ ಇಷ್ಟು: ಅಂಥ ಹಾಡುಗಾರರು ಸಾವಿರಾರು ಸಾಲನ್ನು ಪದಪದವಾಗಿ ಬಾಯಿಪಾಠ ಮಾಡಿರಲ್ಲ. ಸಿದ್ಧ ನುಡಿಗಟ್ಟುಗಳ ದೊಡ್ಡ ಸಂಗ್ರಹ ಅವರ ತಲೆಯಲ್ಲಿರುತ್ತೆ, ಹಾಡುವಾಗಲೇ ಅದರಿಂದ ಜೋಡಿಸ್ತಾ ಹೋಗ್ತಾರೆ. ನಾವು ಕೋಡ್ ಬರೆಯುವಾಗ ಲೈಬ್ರರಿಯಿಂದ ಫಂಕ್ಷನ್ ಕರೆದ ಹಾಗೆ. ಕೊಡವ ಪಾಟುಗಳಲ್ಲೂ ಹಾಡಿನಿಂದ ಹಾಡಿಗೆ ಮತ್ತೆ ಮತ್ತೆ ಬರುವ ಸಿದ್ಧ ಸಾಲುಗಳು ಸಿಗುತ್ತವೆ. ಭಾಷೆ ಬರದವರಿಗೂ ಅರ್ಧ ಗಂಟೆ ಕೇಳಿದರೆ ಕೆಲವು ಕಿವಿಗೆ ಕೂರುತ್ತವೆ.

ಆ ಪುಟ್ಟ ವಾದ್ಯ

ದುಡಿ ನಡುವೆ ಸಣ್ಣ, ಎರಡು ತುದಿಯಲ್ಲಿ ಅಗಲ. ಎರಡೂ ಕಡೆ ಚರ್ಮ, ಅವನ್ನು ಕಟ್ಟಿರೋ ಹುರಿ. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಸಣ್ಣ ಕೋಲಿನಿಂದ ಬಡೀತಾರೆ. ಈ ಆಕಾರದ ವಾದ್ಯಗಳಲ್ಲಿ ಹುರಿ ಒತ್ತಿದರೆ ಚರ್ಮ ಬಿಗಿಯಾಗಿ ಸ್ವರ ಮೇಲೇರುತ್ತೆ. ಫಿಸಿಕ್ಸ್ ಸರಳ: ಫ್ರೀಕ್ವೆನ್ಸಿ ಬಿಗಿತದ ವರ್ಗಮೂಲದ ಜೊತೆ ಏರುತ್ತೆ, ಬಿಗಿತ 4 ಪಟ್ಟಾದರೆ ಫ್ರೀಕ್ವೆನ್ಸಿ 2 ಪಟ್ಟು. ಚರ್ಮ ತೇವ ಹೀರಿದರೆ ಸಡಿಲವಾಗುತ್ತೆ. ಚರ್ಮವಾದ್ಯಗಳನ್ನು ಬೆಂಕಿಗೆ ಹಿಡಿದು ಕಾಯಿಸೋದು ಅದಕ್ಕೇ.

ವಾಲಗದ ವಾದ್ಯಗಳು ಬೇರೆ. ಅಲ್ಲಿ ಊದುವ ವಾದ್ಯ, ಚರ್ಮದ ದೊಡ್ಡ ವಾದ್ಯ, ಬಾಗಿದ ಕೊಂಬು ಇರುತ್ತೆ. ನುಡಿಸೋರೂ ಬೇರೆ. ಎಂ. ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಕೊಡಗಿನ ಅಧ್ಯಯನದಲ್ಲಿ, ಬುಟ್ಟಿ ಹೆಣೆಯುವ ಮೇದರು ಹಬ್ಬಗಳಲ್ಲಿ ವಾದ್ಯ ಬಾರಿಸೋದನ್ನು ಬರೆದಿದ್ದಾರೆ. ನಾವು ಕುಣಿಯೋದು ಇಂಥ ಸಮುದಾಯಗಳವರ ಕೈಯ ಕೆಲಸಕ್ಕೆ. ಸ್ಟೇಜ್ ಮೇಲೆ 'ಕೊಡಗಿನ ಸಂಸ್ಕೃತಿ' ಅಂತ ಅನೌನ್ಸ್ ಮಾಡುವಾಗ ಅವರ ಹೆಸರನ್ನೂ ಹೇಳೋದು ನ್ಯಾಯ. ಅರೆಭಾಷೆ ಗೌಡರು, ಎರವರು, ಕುರುಬರು ಇವರಿಗೂ ತಮ್ಮತಮ್ಮ ಹಾಡು, ಕುಣಿತಗಳಿವೆ. ಈ ಲೇಖನ ಒಂದೇ ಪ್ರಕಾರದ ಬಗ್ಗೆ ಅಷ್ಟೇ.

ಬರೆದಿಟ್ಟವರು

ಈ ಹಾಡುಗಳು ಕಾಗದಕ್ಕೆ ಬಂದದ್ದರಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಅವರ ಪಾತ್ರ ತುಂಬಾ ದೊಡ್ಡದು. 1875ರಲ್ಲಿ ಹುಟ್ಟಿದ ಇವರು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಹಾಡು, ಆಚಾರ, ಗಾದೆಗಳನ್ನೆಲ್ಲ ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದರು. ಭಾಷೆ ಕೊಡವ, ಲಿಪಿ ಕನ್ನಡ. ಪುಸ್ತಕದ ಸುಮಾರು ಮೂರನೇ ಎರಡು ಭಾಗ ಹಾಡುಗಳೇ. ಶ್ರೀನಿವಾಸ್ ಅವರ ಅಧ್ಯಯನಕ್ಕೂ ಇದು ಆಧಾರವಾಯ್ತು. ಚಿಣ್ಣಪ್ಪ ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಇದನ್ನು ಇಂಗ್ಲಿಷಿಗೆ ಅನುವಾದ ಮಾಡಿ 2003ರಲ್ಲಿ ತಂದರು. ನನ್ನ ಹಾಗೆ ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದವರಿಗೆ ಅದು ಸುಲಭದ ಬಾಗಿಲು. ಆದರೆ ಮೂಲದ ಸಾಲನ್ನು ಕನ್ನಡ ಲಿಪಿಯಲ್ಲಿ ಜೋರಾಗಿ ಓದಿ ನೋಡಿ, ಅರ್ಥ ಪೂರ್ತಿ ಆಗದಿದ್ದರೂ ಲಯ ಬಾಯಿಗೆ ಸಿಗುತ್ತೆ.

ಹಾಗಾದ್ರೆ ಪುಸ್ತಕ ಇದೆ, ಅನುವಾದ ಇದೆ, ಯೂಟ್ಯೂಬಿನಲ್ಲಿ ವಿಡಿಯೋಗಳಿವೆ. ಇನ್ನೇನು ತೊಂದರೆ?

ಬ್ಯಾಕಪ್ ಇದ್ದರೆ ಸಾಕಾ?

ಜನಗಣತಿ ನೋಡಿ. ಕೊಡವ ಭಾಷೆಯನ್ನು ತಾಯ್ನುಡಿ ಅಂತ ಬರೆಸಿದವರು 2001ರಲ್ಲಿ 1,66,187 ಜನ. 2011ರಲ್ಲಿ 1,13,857. ಹತ್ತು ವರ್ಷದಲ್ಲಿ ಲೆಕ್ಕದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕಡಿಮೆ. ಇನ್ನೊಂದು ಕಡೆ ಭತ್ತದ ಗದ್ದೆ ಕಡಿಮೆಯಾಗಿ ಕಾಫಿ ಮುಖ್ಯವಾಗಿದೆ. ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರ್ತಾರೆ. ಹುತ್ತರಿಗೆ ರಜೆ ಹಾಕಿ ಬಂದು ಮರುದಿನ ಬಸ್ ಹತ್ತುತ್ತಾರೆ.

ಈಗ ಎರಡನೇ ಜೋಡಿಯನ್ನು ಮತ್ತೆ ನೆನಪಿಸಿಕೊಳ್ಳಿ. ರೆಕಾರ್ಡಿಂಗ್ ಉಳಿಸೋದು ಹಾಡನ್ನು. ಆದರೆ ಹೊಸಬ ನಿಂತು ಕಲಿಯೋ ಜಾಗ ರೆಕಾರ್ಡಿಂಗ್ ಒಳಗಿಲ್ಲ. ವಿಡಿಯೋದಲ್ಲಿ ನಾಲ್ಕೂ ಜಾಗ ಭರ್ತಿಯಾಗಿವೆ. ನೀವು ತಪ್ಪು ಹಾಡಿದರೆ ಅದು ತಿದ್ದಲ್ಲ, ನಿಮ್ಮ ಮನೆಗೆ ಬಂದು ಹರಸೋದೂ ಇಲ್ಲ. ನಾಲ್ಕು ಜನ ಸೇರೋ ಸಂಜೆ ಇಲ್ಲದಿದ್ದರೆ ನೂರು ಗಂಟೆ ವಿಡಿಯೋ ಇದ್ದರೂ ಹೊಸ ಹಾಡುಗಾರ ತಯಾರಾಗೋದು ಕಷ್ಟ.

ಇದೇ ಪ್ರಶ್ನೆ ಎದುರಿಸಿದ ಇನ್ನೊಂದು ಮಳೆ, ಬೆಟ್ಟಗಳ ನಾಡು ಸ್ಕಾಟ್ಲೆಂಡ್. ಕೊಡಗನ್ನು ಟೂರಿಸ್ಟ್ ಪೋಸ್ಟರಿನವರು ಯಾವಾಗಲೂ ಅದಕ್ಕೆ ಹೋಲಿಸ್ತಾರೆ. ಈ ವಿಷಯದಲ್ಲಿ ಹೋಲಿಕೆ ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ಅಲ್ಲಿನ ಹಳ್ಳಿಗಳಲ್ಲಿ ಹಾಡು, ಕಥೆಗೆ ಜನ ಸೇರುವ ಸಂಜೆಗೆ 'ಕೇಲಿ' ಅಂತಾರೆ. ಗೇಲಿಕ್ ಭಾಷೆಯಲ್ಲಿ ಆ ಪದದ ಅರ್ಥ 'ಭೇಟಿ', ಅಂದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗೋದು. ನಮ್ಮ ಮನೆ ಪಾಟಿನ ಹಾಗೆ ಅದರ ಬೇರೂ ಮನೆಯಲ್ಲೇ ಇದೆ. 2011ರ ಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಮಾತಾಡುವವರು ಸುಮಾರು 57 ಸಾವಿರ. ಕೊಡವ ಭಾಷಿಕರ ಅರ್ಧದಷ್ಟು.

ಅವರು ಎರಡು ಹಂತದಲ್ಲಿ ಕೆಲಸ ಮಾಡಿದರು. 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಕಾಟಿಷ್ ಅಧ್ಯಯನಗಳ ಶಾಲೆ ಶುರುವಾಯ್ತು. ಕ್ಯಾಲಮ್ ಮೆಕ್ಲೀನ್, ಹೇಮಿಶ್ ಹೆಂಡರ್ಸನ್ ಮುಂತಾದವರು ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ, ದ್ವೀಪಗಳನ್ನು ಸುತ್ತಿದರು. ಇದು ಬ್ಯಾಕಪ್. ಆದರೆ ಬ್ಯಾಕಪ್ ಆದಮೇಲೂ ಮಕ್ಕಳು ಹಾಡು ಕಲಿಯೋದು ಕಡಿಮೆಯಾಗ್ತಾ ಬಂತು. 1981ರಲ್ಲಿ ಬಾರಾ ಅನ್ನೋ ಸಣ್ಣ ದ್ವೀಪದಲ್ಲಿ ಊರಿನವರೇ 'ಫೇಶ್' ಶುರು ಮಾಡಿದರು. ಗೇಲಿಕ್‌ನಲ್ಲಿ ಫೇಶ್ ಅಂದರೆ ಹಬ್ಬ. ಊರಿನ ಮಕ್ಕಳಿಗೆ ಹಾಡು, ಕುಣಿತ, ವಾದ್ಯ, ಭಾಷೆ ಕಲಿಸೋದು, ಎಲ್ಲರೂ ಸೇರಿ ಹಾಡೋದು. ಅದನ್ನು ನೋಡಿ ಬೇರೆ ಊರುಗಳೂ ಶುರು ಮಾಡಿ, ಈಗ ಅಂಥವು ಹತ್ತಾರು ಇವೆ. ಸಂಗ್ರಹ ಎಷ್ಟು ಮುಖ್ಯವೋ, ಹೊಸಬರಿಗೆ ಜಾಗ ಕೊಡೋ ಸಂಜೆ ಅಷ್ಟೇ ಮುಖ್ಯ ಅಂತ ಅವರಿಗೆ ಗೊತ್ತಾಗಿತ್ತು.

ಕೊಡಗಿನಲ್ಲಿ ಏನೂ ನಡೀತಿಲ್ಲ ಅಂತಲ್ಲ. ಮಂದ್‌ಗಳ ನಡುವೆ ಸ್ಪರ್ಧೆ ನಡೆಸೋ 'ಮಂದ್ ನಮ್ಮೆ' ಇದೆ. ಕೊಡವ ಸಾಹಿತ್ಯ ಅಕಾಡೆಮಿ ಇದೆ. ಹೆಂಗಸರ ನೃತ್ಯ ಉಮ್ಮತ್ತಾಟ್ ಕಲಿಸಿ ಬೆಳೆಸಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇನ್ನೊಂದು ಉದಾಹರಣೆ ನಮಗೆಲ್ಲ ಗೊತ್ತಿರೋದೇ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಯ್ತು, ಈಗ 300ಕ್ಕೂ ಹೆಚ್ಚು ತಂಡಗಳು ಆಡ್ತವೆ. ಒಂದು ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಆಡಬಹುದು. ಹೊಸಬರಿಗೆ ಜಾಗ ಸಿಕ್ಕರೆ ಬೆಂಗಳೂರಿನಿಂದಲೂ ರಜೆ ಹಾಕಿ ಬರ್ತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಾವು ಮಾಡಬಹುದಾದದ್ದು

ನಾವು ಕ್ಯಾಂಪಸ್ಸಿನವರು. ನಾಲ್ಕು ವರ್ಷ ಇರ್ತೀವಿ, ಹೋಗ್ತೀವಿ. ಇವು ನಮ್ಮಲ್ಲಿ ಎಲ್ಲರ ಮನೆಯ ಹಾಡುಗಳೂ ಅಲ್ಲ. ಆದರೂ ಇಷ್ಟನ್ನು ಮಾಡಬಹುದು.

1. ಕೇಳೋಕೆ ಹೋಗಿ. ಹುತ್ತರಿ ಹೊತ್ತಿಗೆ ನಿಮ್ಮ ಕ್ಲಾಸಿನ ಕೊಡಗಿನವರನ್ನು ಕೇಳಿ, ಅವರ ಊರಿನ ಮಂದ್ ಯಾವ ದಿನ ಅಂತ. ಕರೆದರೆ ಹೋಗಿ. ಹೋದಾಗ ಮೊದಲ ಜೋಡಿಯನ್ನಲ್ಲ, ಎರಡನೇ ಜೋಡಿಯನ್ನು ಗಮನಿಸಿ. ಮತ್ತೆ ಮತ್ತೆ ಬರೋ ಒಂದು ನುಡಿಗಟ್ಟು ಹಿಡಿದುಕೊಂಡು, ಮುಗಿದ ಮೇಲೆ ಹಾಡಿದ ಹಿರಿಯರನ್ನು ಅದರ ಅರ್ಥ ಕೇಳಿ.

2. ರೆಕಾರ್ಡ್ ಮಾಡೋದಾದರೆ ಅನುಮತಿ ತಗೊಳ್ಳಿ. ಸಾವಿನ ಮನೆಯಲ್ಲಿ ಫೋನ್ ತೆಗೆಯಲೇಬೇಡಿ. ಯಾವ ಹಾಡು, ಯಾವ ಊರು, ಯಾವ ದಿನ, ಯಾವ ಸಂದರ್ಭ, ಯಾರು ಹಾಡಿದರು ಅಂತ ಅವರ ಒಪ್ಪಿಗೆಯಿಂದ ಬರೆದಿಡಿ. ಈ ವಿವರ ಇಲ್ಲದ ಫೈಲ್ ಹತ್ತು ವರ್ಷದ ನಂತರ ಯಾರಿಗೂ ಉಪಯೋಗ ಆಗಲ್ಲ.

3. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ಮಿನಿ ಪ್ರಾಜೆಕ್ಟ್. ಎರಡು ಜೋಡಿಗೆ ಎರಡು ಬೇರೆ ಮೈಕ್ ಇಟ್ಟು ಎರಡು ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ. ಕಲಿಯೋರು ಎರಡನೇ ಟ್ರ್ಯಾಕ್ ಮ್ಯೂಟ್ ಮಾಡಿ ಆ ಜಾಗದಲ್ಲಿ ತಾವು ಹಾಡಬಹುದು. ಆಗ ರೆಕಾರ್ಡಿಂಗಿನಲ್ಲೂ ಒಂದು ಖಾಲಿ ಜಾಗ ಇರುತ್ತೆ. ಬೆಂಗಳೂರಿನಲ್ಲಿರೋ ಕೊಡವ ಹುಡುಗ ಊರಿಗೆ ಬರೋ ಮುಂಚೆ ಇದರಲ್ಲಿ ತಯಾರಾಗಬಹುದು. ಇದು ಅಭ್ಯಾಸಕ್ಕೆ ಮಾತ್ರ, ಮಂದ್‌ನ ಬದಲಿಗಲ್ಲ.

4. ಕಾಲೇಜ್ ಫೆಸ್ಟ್ ಕಮಿಟಿಗೆ ಒಂದು ಮನವಿ. ದುಡಿ ಕೊಟ್ಟ್ ಪಾಟಿಗೆ ಉದ್ಘಾಟನೆಯ ಮೂರು ನಿಮಿಷ ಕೊಟ್ಟು, ಅತಿಥಿಗಳು ಬಂದ ತಕ್ಷಣ ನಿಲ್ಲಿಸೋ ಬದಲು, ಸಂಜೆ ಇಪ್ಪತ್ತು ನಿಮಿಷ ಕೊಡೋಣ. ಸ್ಟೇಜ್ ಬೇಡ, ಅಂಗಳದಲ್ಲಿ ಸುತ್ತ ಕೂತು ಕೇಳೋಣ. ಹಾಡುಗಾರರಿಗೂ ವಾಲಗದವರಿಗೂ ಡಿಜೆಗೆ ಕೊಡೋ ಹಾಗೇ ಸರಿಯಾದ ಸಂಭಾವನೆ ಕೊಡೋಣ. ನಮ್ಮ ಕಾಲೇಜಿನ ಕೊಡವ ಹುಡುಗರು ಎರಡನೇ ಜೋಡಿಯಲ್ಲಿ ನಿಲ್ಲೋಕೆ ಒಪ್ಪಿದರೆ ಇನ್ನೂ ಒಳ್ಳೇದು. ಬೇರೆ ಜಿಲ್ಲೆಯವರು ಅದೇ ಅಂಗಳದಲ್ಲಿ ತಮ್ಮೂರಿನ ಒಂದು ಹಾಡು ಎತ್ತಿಕೊಡಲಿ, ಉಳಿದವರು ಸೊಲ್ಲು ಹಿಡಿಯಲಿ.

ಈ ವರ್ಷದ ಹುತ್ತರಿ ದಿನ ಪ್ರಕಟವಾದ ತಕ್ಷಣ ಸಂಘದ ನೋಟಿಸ್ ಬೋರ್ಡಿನಲ್ಲಿ ಹಾಕ್ತೀವಿ. ಜೊತೆಗೆ ಬರೋರು ಹೆಸರು ಕೊಡಿ, ಮಂದ್‌ನವರ ಒಪ್ಪಿಗೆ ಕೇಳಿ ಒಟ್ಟಿಗೆ ಹೋಗೋಣ. ಡಿಸೆಂಬರ್ ಸಂಜೆ, ಚಳಿ ಇರುತ್ತೆ, ಸ್ವೆಟರ್ ಮರೀಬೇಡಿ.